ಕಡಲೆ ಬೇರಿನ ತುದಿಯಿಂದ ಸಾರ್ಟರ್‌ ಟ್ಯೂಬಿನವರೆಗೆ: ವರ್ಣತಂತು ಬೇರ್ಪಡಿಸುವ ಕೆಲಸದ ಲಾಗ್

ಫ್ಲೋ ಸಾರ್ಟರ್ (ದ್ರವದಲ್ಲಿ ತೇಲುವ ಕಣಗಳನ್ನು ಅವುಗಳ ಬೆಳಕು ಅಳೆದು ಬೇರ್ಪಡಿಸುವ ಯಂತ್ರ) ಮುಂದೆ ಕೂತು ಪೀಕ್ (ತೆರೆಯ ನಕ್ಷೆಯಲ್ಲಿ ಮೂಡುವ ದಿಬ್ಬ) ಕಾಣದೆ ಒದ್ದಾಡುವವರು ಲೇಸರ್ ತಿರುಗಿಸುತ್ತಾರೆ, ಫಿಲ್ಟರ್ ಬದಲಿಸುತ್ತಾರೆ, ವೋಲ್ಟೇಜ್ ಏರಿಸಿ ಇಳಿಸುತ್ತಾರೆ. ಕೆಲಸ ಕೆಟ್ಟಿರುವುದು ಅಲ್ಲಲ್ಲ, ಹಿಂದಿನ ದಿನ ಬೇರು ಮುಳುಗಿಸಿದ್ದ ಟಬ್‌ನಲ್ಲಿ. ಸಸ್ಯದ ವರ್ಣತಂತುಗಳನ್ನು ಯಂತ್ರದಲ್ಲಿ ಬೇರ್ಪಡಿಸುವುದರಲ್ಲಿ ಮುಕ್ಕಾಲು ಪಾಲು ಬೇರಿನ ಕೆಲಸ. ಈ ಲಾಗ್‌ನಲ್ಲೂ ಅದಕ್ಕೇ ಹೆಚ್ಚು ಜಾಗ. ಬೇರು, ಟಬ್, ಬಫರ್ ಎಲ್ಲ ಮೈಸೂರಿನಲ್ಲಿ. ಸಾರ್ಟರ್ ಸಮಯ ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ.

ಕಡಲೆಯೇ ಯಾಕೆ

ಮಂಡ್ಯ ಸೀಮೆಯಲ್ಲಿ ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ, ಕಬ್ಬು ಬಿಟ್ಟು ಕಡಲೆ ಯಾಕೆ ಎಂದು. ಇಂದಿನ ಕಬ್ಬಿನ ತಳಿಗಳಲ್ಲಿ 100ರಿಂದ 130 ವರ್ಣತಂತುಗಳಿವೆ, ಗಾತ್ರದಲ್ಲಿ ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿಲ್ಲ. ಯಂತ್ರ ಅಳೆಯುವುದು ಒಂದೊಂದು ವರ್ಣತಂತುವಿನ ಡಿಎನ್‌ಎಗೆ ಅಂಟಿದ ಬಣ್ಣದ ಬೆಳಕನ್ನು. ಬೆಳಕು ಹೆಚ್ಚುಕಡಿಮೆ ಒಂದೇ ಆದರೆ ತೆರೆಯ ಮೇಲೆ ಒಂದೇ ದಿಬ್ಬ ಮೂಡುತ್ತದೆ. ಕಬ್ಬಿಗೆ ಬೇರೆ ದಾರಿ ಇದೆ: ಟ್ಯೂಬಿಗೊಂದರಂತೆ ಒಂಟಿ ವರ್ಣತಂತು ಹಾಕಿ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ವರ್ಧಿಸಿ ಓದುವುದು. ಕಲಿಯುವವರು ಅಲ್ಲಿಂದ ಶುರುಮಾಡಬಾರದು. ರಾಗಿಯದೂ ಇದೇ ಕಥೆ, 36 ವರ್ಣತಂತು, ಎಲ್ಲವೂ ಚಿಕ್ಕವು.

ಕಡಲೆಯಲ್ಲಿ 2n=16, ಅಂದರೆ ಕೋಶಕ್ಕೆ 16 ವರ್ಣತಂತು, ಜೋಡಿಜೋಡಿಯಾಗಿ ಎಂಟೇ ಬಗೆ. ಜೀನೋಮ್ (ಎಂಟೂ ಬಗೆಯ ಒಂದೊಂದು ಪ್ರತಿಯ ಒಟ್ಟು ಡಿಎನ್‌ಎ) ಸುಮಾರು 740 ಮೆಗಾಬೇಸ್, ಅಂದರೆ 74 ಕೋಟಿ ಡಿಎನ್‌ಎ ಅಕ್ಷರ. ಎಂಟೂ ಬಿಡಿಬಿಡಿಯಾಗಿ ನಿಲ್ಲುವುದಿಲ್ಲ, ಆದರೆ ದೊಡ್ಡವೂ ಚಿಕ್ಕವೂ ಗುಂಪಿನಿಂದ ಹೊರಗೆ ಬರುವಷ್ಟು ಅಂತರ ಇದೆ. ದೇಸಿ ಮತ್ತು ಕಾಬೂಲಿ ಕಡಲೆಯ ಜೀನೋಮ್ ಕರಡುಗಳು 2013ರಲ್ಲಿ ಬಂದವು. ಅವುಗಳಲ್ಲಿ ಯಾವ ತುಂಡು ತಪ್ಪು ವರ್ಣತಂತುವಿಗೆ ಸೇರಿದೆ ಎಂದು 2014ರಲ್ಲಿ ಪರೀಕ್ಷಿಸಿದ್ದು ಹೀಗೆ ಸಾರ್ಟ್ ಮಾಡಿದ ವರ್ಣತಂತುಗಳನ್ನು ಓದಿಯೇ. ಈ ವಿದ್ಯೆ 1984ರಲ್ಲಿ ನಾಲ್ಕೇ ವರ್ಣತಂತುಗಳ ಹ್ಯಾಪ್ಲೊಪ್ಯಾಪಸ್ ಗ್ರ್ಯಾಸಿಲಿಸ್ ಗಿಡದ ಕೋಶಗಳಿಂದ ಆರಂಭವಾಯಿತು. ಬೇರಿನ ತುದಿ ಬಳಸುವ ಈಗಿನ ಕ್ರಮವನ್ನು 1992ರ ಹೊತ್ತಿಗೆ ಹೊಲದವರೆಯ (ವಿಸಿಯಾ ಫಾಬಾ) ಮೇಲೆ ಗಟ್ಟಿಮಾಡಿದ್ದು ಯಾರೊಸ್ಲಾವ್ ಡೊಲೆಝೆಲ್ ಅವರ ತಂಡ. ಜೆಕ್ ದೇಶದ ಓಲೊಮೌಟ್ಸ್‌ನ ಅವರ ಪ್ರಯೋಗಾಲಯದಿಂದಲೇ ಆಮೇಲೆ ಗೋಧಿಯ 17 ಗಿಗಾಬೇಸ್ ಜೀನೋಮನ್ನು ತುಂಡುತುಂಡಾಗಿ ಓದಲು ವರ್ಣತಂತುಗಳ ತೋಳುಗಳು ಹೋದವು.

ಬೀಜ

ಅಂಗಡಿಯ ಕಡಲೆ ಬೇಡ. ಇಲ್ಲಿ ಸಿಗುವುದು ಗದಗ, ಕಲಬುರಗಿ ಕಡೆಯಿಂದ ಬಂದ ಅಡುಗೆಯ ಕಡಲೆ. ತಳಿ ಬೆರಕೆ, ಹುಳ ಮುಟ್ಟಿರುತ್ತದೆ, ಮೊಳಕೆ ಒಂದೇ ಹೊತ್ತಿಗೆ ಒಡೆಯುವುದಿಲ್ಲ. ಮೊಳಕೆ ಹಿಂದೆಮುಂದೆ ಆದರೆ ಮುಂದಿನ ಯಾವ ರಸಾಯನವೂ ಅದನ್ನು ಸರಿಮಾಡದು. ಅಣ್ಣಿಗೇರಿ-1 ಅಥವಾ ಜೆಜಿ-11ರ ಪ್ರಮಾಣಿತ ಬೀಜ ತನ್ನಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಬಳಿದಿರುತ್ತದೆ, ಬಣ್ಣ ಹೋಗುವವರೆಗೆ ಹರಿಯುವ ನೀರಿನಲ್ಲಿ ತೊಳೆಯಿರಿ. ಆಮೇಲೆ 1% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 5 ನಿಮಿಷ, ಮತ್ತೆ ನೀರು. ಕಾಬೂಲಿ ಕಡಲೆಗೆ ಸಿಪ್ಪೆ ತೆಳು, ಬೇಗ ಕೊಳೆಯುತ್ತದೆ. ಮೊದಲ ಸಲ ದೇಸಿಯೇ ವಾಸಿ.

ಗಾಳಿ ಹಾಯಿಸಿದ ನೀರಿನಲ್ಲಿ ರಾತ್ರಿ ನೆನೆಸಿ, ಒದ್ದೆ ವರ್ಮಿಕ್ಯುಲೈಟ್‌ನಲ್ಲಿ 25 ಡಿಗ್ರಿಗೆ, ಕತ್ತಲಲ್ಲಿ ಇಡಿ. ಎರಡು ಮೂರು ದಿನದಲ್ಲಿ ತಾಯಿಬೇರು 2ರಿಂದ 3 ಸೆಂ.ಮೀ. ಬರುತ್ತದೆ. ಮಂಡ್ಯ ಸುತ್ತಮುತ್ತ ತೆಂಗಿನ ನಾರಿನ ಪುಡಿ ಅಗ್ಗ, ಆದರೆ ಇದಕ್ಕೆ ತರಬೇಡಿ. ನಾರು ಬೇರಿನ ತುದಿಗೆ ಅಂಟಿ ಕೊನೆಗೆ ಸೋಸುವ ಬಲೆಯನ್ನು ಕಟ್ಟಿಸುತ್ತದೆ, ಬಿಡುವ ಕಂದು ಬಣ್ಣ ಬೇರೆ. ಉದ್ದ ಹೆಚ್ಚುಕಡಿಮೆ ಸಮನಾಗಿರುವ, ನೆಟ್ಟಗಿನ ಬೇರುಗಳನ್ನಷ್ಟೇ ಆರಿಸಿ. ತುದಿ ಕಂದಾಗಿದ್ದರೆ ಎಸೆಯಿರಿ. ಒಂದು ಟ್ಯೂಬಿಗೆ 30 ತುದಿ ಬೇಕು. ಮೂರು ಟ್ಯೂಬಿಗೆ ಕನಿಷ್ಠ 120 ಬೀಜ ನೆನೆಸಿದ್ದರೆ ಆರಿಸಲು ಅವಕಾಶ ಉಳಿಯುತ್ತದೆ.

ಟಬ್ ಕಟ್ಟುವುದು

ಬೇಕಾದದ್ದು 25 ಡಿಗ್ರಿ, ಏರುಪೇರು ಅರ್ಧ ಡಿಗ್ರಿಯೊಳಗೆ. ಏಪ್ರಿಲ್‌ನಲ್ಲಿ ಕೋಣೆ ಮಧ್ಯಾಹ್ನ 34 ಮುಟ್ಟುತ್ತದೆ, ಡಿಸೆಂಬರ್ ಬೆಳಗ್ಗೆ 20ಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗಾಗಿ ಬಿಸಿ, ತಂಪು ಎರಡೂ ಕೈಯಲ್ಲಿರಬೇಕು.

ದಪ್ಪ ಥರ್ಮಾಕೋಲ್ ಮೀನಿನ ಪೆಟ್ಟಿಗೆಯಲ್ಲಿ 10 ಲೀಟರ್ ನೀರು, ಅದರೊಳಗೆ 750 ಮಿ.ಲೀ. ಹಿಡಿಯುವ ಎರಡು ಪ್ಲಾಸ್ಟಿಕ್ ಡಬ್ಬಿಗಳು. ಡಬ್ಬಿಯ ಮೇಲೆ 5 ಮಿ.ಮೀ. ತೂತು ಕೊರೆದ ತಟ್ಟೆ: ಬೇರು ತೂತಿನೊಳಗೆ, ಬೀಜ ಮೇಲೆ. ಬಿಸಿಗೆ ಅಕ್ವೇರಿಯಂನ 25 ವ್ಯಾಟ್ ಹೀಟರ್. ತಂಪಿಗೆ ಟಿಇಸಿ1-12706 ಪೆಲ್ಟಿಯರ್ (ಕರೆಂಟ್ ಹರಿದಾಗ ಒಂದು ಬದಿ ತಂಪಾಗಿ ಇನ್ನೊಂದು ಬಿಸಿಯಾಗುವ ಬಿಲ್ಲೆ), ಎರಡೂ ಬದಿಗೆ ಹೀಟ್‌ಸಿಂಕ್, ಬಿಸಿ ಬದಿಗೆ ಫ್ಯಾನ್, 12 ವೋಲ್ಟ್ 10 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ನಿಯಂತ್ರಣಕ್ಕೆ ಎಸ್‌ಟಿಸಿ-1000 ಥರ್ಮೋಸ್ಟಾಟ್, ಇದರಲ್ಲಿ ಬಿಸಿ ತಂಪುಗಳಿಗೆ ಬೇರೆ ಬೇರೆ ರಿಲೇ ಇವೆ. ಎಫ್1 (ಬೇಕಾದ ಉಷ್ಣತೆ) 25.0, ಎಫ್2 (ಏರುಪೇರಿನ ಮಿತಿ) 0.3, ಎಫ್3 (ತಂಪು ಮತ್ತೆ ಶುರುವಾಗುವ ಮುನ್ನ ಕಾಯುವ ಹೊತ್ತು) 1 ನಿಮಿಷ. ಸೆನ್ಸರ್ ತೋರಿಸುವ ಅಂಕಿಯನ್ನು ನಂಬಬೇಡಿ. ನಂಬಿಕೆಯ ಥರ್ಮಾಮೀಟರ್ ಜೊತೆ ಅದೇ ನೀರಿನಲ್ಲಿಟ್ಟು ಎಫ್4ರಲ್ಲಿ ತಿದ್ದಿ. ಪೆಲ್ಟಿಯರ್‌ನ 12 ವೋಲ್ಟ್ ತಂತಿಯನ್ನು ರಿಲೇ ಮೂಲಕ ಎಳೆಯುವ ಬದಲು ಎಸ್‌ಎಂಪಿಎಸ್‌ನ 230 ವೋಲ್ಟ್ ಬದಿಯನ್ನೇ ರಿಲೇಯಿಂದ ಕಟ್ ಮಾಡಿಸಿ, ರಿಲೇ ಹೆಚ್ಚು ಕಾಲ ಬಾಳುತ್ತದೆ. ಸೆನ್ಸರ್ ನೀರಿನಲ್ಲಿರಲಿ, ಗಾಳಿಯಲ್ಲಲ್ಲ. ನೀರು ತಿರುಗಲು ಚಿಕ್ಕ ಸಬ್‌ಮರ್ಸಿಬಲ್ ಪಂಪ್ ಬೇಕೇಬೇಕು, ಇಲ್ಲದಿದ್ದರೆ ಡಬ್ಬಿಯ ಒಂದು ಮೂಲೆ 23, ಇನ್ನೊಂದು 27.

ಈ ಪೆಲ್ಟಿಯರ್ 10 ಲೀಟರ್ ನೀರನ್ನು ತಾಸಿಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಸಲಾರದು. ಆದ್ದರಿಂದ ಬೇರು ಮುಂದಿನ ದ್ರಾವಣಕ್ಕೆ ಹೋಗುವ ಮೊದಲೇ ಆ ದ್ರಾವಣ ಅದೇ ಪೆಟ್ಟಿಗೆಯಲ್ಲಿ ಕೂತು 25ಕ್ಕೆ ಬಂದಿರಬೇಕು. ಕೋಣೆಯಲ್ಲಿಟ್ಟಿದ್ದ 30 ಡಿಗ್ರಿ ದ್ರಾವಣಕ್ಕೆ ಬೇರು ಇಳಿಸಿದರೆ ಕೋಶಚಕ್ರದ ವೇಗ ಬದಲಾಗಿ ಎಲ್ಲ ಗಂಟೆ ಲೆಕ್ಕವೂ ಜಾರುತ್ತದೆ. ಗಾಳಿಗೆ ಬ್ಯಾಟರಿ ಇರುವ ಅಕ್ವೇರಿಯಂ ಪಂಪ್ ತೆಗೆದುಕೊಳ್ಳಿ. ರಾತ್ರಿ ಕರೆಂಟ್ ಹೋಗಿ ಗಾಳಿ ನಿಂತರೆ ಬೇರು ಉಸಿರುಗಟ್ಟಿ ವಿಭಜನೆ ನಿಧಾನವಾಗುತ್ತದೆ, ಬೆಳಗ್ಗೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ನೀರು ಡಿಸ್ಟಿಲ್ಡ್. ಬೋರ್‌ವೆಲ್ ನೀರಿನ ಗಡಸುತನ ಒಂದು ಮೊಳಕೆಗೂ ಇನ್ನೊಂದಕ್ಕೂ ಬೇರೆ ಫಲ ಕೊಡುತ್ತದೆ. ಪೋಷಕ ದ್ರಾವಣವಾಗಿ ಹೋಗ್‌ಲ್ಯಾಂಡ್ ಸಾಕು.

ಕೋಶಗಳನ್ನು ಒಂದೇ ಹೆಜ್ಜೆಗೆ ತರುವುದು

ಬೇರಿನ ತುದಿಯಲ್ಲಿ ಯಾವ ಕ್ಷಣದಲ್ಲಾದರೂ ಮೆಟಾಫೇಸ್‌ನಲ್ಲಿರುವ (ವಿಭಜನೆಯ ನಡುವೆ ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಂಡ ಹಂತ) ಕೋಶಗಳು ಬೆರಳೆಣಿಕೆಯಷ್ಟು. ವರ್ಣತಂತು ಬಿಡಿಯಾಗಿ ಸಿಗುವುದು ಆ ಹಂತದಲ್ಲಿ ಮಾತ್ರ. ಹೈಡ್ರಾಕ್ಸಿಯೂರಿಯಾ ಡಿಎನ್‌ಎಯ ಕಚ್ಚಾಸಾಮಗ್ರಿ ತಯಾರಿಸುವ ಎಂಜೈಮನ್ನು ತಡೆದು, ಕೋಶಗಳನ್ನು ನಕಲು ಆರಂಭವಾಗುವ ಗಡಿಯಲ್ಲಿ ನಿಲ್ಲಿಸುತ್ತದೆ. ಅದನ್ನು ತೆಗೆದರೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಮೆಟಾಫೇಸ್ ಹೊತ್ತಿಗೆ ಅಮಿಪ್ರೊಫಾಸ್-ಮೀಥೈಲ್ ಕೊಟ್ಟರೆ ಸ್ಪಿಂಡಲ್ (ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಚೌಕಟ್ಟು) ಕಟ್ಟಲು ಬೇಕಾದ ಮೈಕ್ರೊಟ್ಯೂಬ್ಯೂಲ್ ಎಳೆಗಳು ಆಗದೆ ಅಲ್ಲೇ ಉಳಿಯುತ್ತವೆ.

ಕಡಲೆಗೆ ಶುರುವಿನ ಅಳತೆ ಹೀಗೆ. ಹೈಡ್ರಾಕ್ಸಿಯೂರಿಯಾ 1.25 ಮಿಲಿಮೋಲಾರ್, 18 ಗಂಟೆ: 750 ಮಿ.ಲೀ.ಗೆ 71.3 ಮಿ.ಗ್ರಾಂ. ಆಮೇಲೆ ತೊಳೆದು, ಬರೀ ಹೋಗ್‌ಲ್ಯಾಂಡ್‌ನಲ್ಲಿ 4.5 ಗಂಟೆ. ನಂತರ ಅಮಿಪ್ರೊಫಾಸ್-ಮೀಥೈಲ್ 10 ಮೈಕ್ರೊಮೋಲಾರ್, 2 ಗಂಟೆ. ಇದನ್ನು ತಣ್ಣನೆಯ ಅಸಿಟೋನ್‌ನಲ್ಲಿ 20 ಮಿಲಿಮೋಲಾರ್ ಸ್ಟಾಕ್ ಮಾಡಿಟ್ಟುಕೊಂಡರೆ (1 ಮಿ.ಲೀ.ಗೆ 6.1 ಮಿ.ಗ್ರಾಂ) 750 ಮಿ.ಲೀ.ಗೆ 375 ಮೈಕ್ರೊಲೀಟರ್ ಸಾಕು. ಕೊನೆಗೆ ಬೇರುಗಳನ್ನು ಮಂಜುಗಡ್ಡೆ ನೀರಿನಲ್ಲಿ ರಾತ್ರಿಯಿಡೀ. ಇದರಿಂದ ವರ್ಣತಂತುಗಳು ಕೋಶದೊಳಗೆ ಚದುರಿ, ಆಮೇಲೆ ಒಂದಕ್ಕೊಂದು ಅಂಟುವುದು ಕಡಿಮೆಯಾಗುತ್ತದೆ.

ಹೈಡ್ರಾಕ್ಸಿಯೂರಿಯಾ ಔಷಧಿ ಅಂಗಡಿಯಲ್ಲಿ 500 ಮಿ.ಗ್ರಾಂ ಕ್ಯಾಪ್ಸೂಲ್ ರೂಪದಲ್ಲಿ ಸಿಗುತ್ತದೆ, ಅಗ್ಗವೂ ಹೌದು. ಅದರಲ್ಲಿನ ತುಂಬುವ ಪುಡಿಗಳಿಂದಾಗಿ ಅಳತೆ ನಂಬಲಾಗದು. ಪ್ರಯೋಗಾಲಯದ ದರ್ಜೆಯದೇ ತನ್ನಿ. ತೇವಕ್ಕೆ ಕೆಡುವ ವಸ್ತು, ಡೆಸಿಕೇಟರ್‌ನಲ್ಲಿಟ್ಟು ಆಯಾ ದಿನವೇ ಕರಗಿಸಿ. ಇದು ಕ್ಯಾನ್ಸರ್ ಔಷಧಿ, ಅಮಿಪ್ರೊಫಾಸ್-ಮೀಥೈಲ್ ಆರ್ಗನೊಫಾಸ್ಫರಸ್ ಕಳೆನಾಶಕ. ಗ್ಲವ್ಸ್ ಇಲ್ಲದೆ ಮುಟ್ಟಬೇಡಿ, ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ಕಾಲೇಜಿನ ಕಪಾಟಿನಲ್ಲಿರುವ ಕಾಲ್ಚಿಸಿನ್ ಹಾಕಬಹುದೇ ಎಂದರೆ, ಸಸ್ಯದ ಟ್ಯೂಬ್ಯುಲಿನ್‌ಗೆ (ಮೈಕ್ರೊಟ್ಯೂಬ್ಯೂಲ್‌ನ ಪ್ರೋಟೀನ್) ಅದು ಬಲವಾಗಿ ಅಂಟುವುದಿಲ್ಲ, ಬಹಳ ಹೆಚ್ಚು ಸಾಂದ್ರತೆ ಬೇಕು. ಒರೈಜಲಿನ್ ಸಿಕ್ಕರೆ ಅದು ಒಳ್ಳೆಯ ಬದಲಿ.

ಸಮಯ ಹೊಂದಿಸುವುದು ಹೀಗೆ: ಮಧ್ಯಾಹ್ನ 3ಕ್ಕೆ ಹೈಡ್ರಾಕ್ಸಿಯೂರಿಯಾ, ಮರುದಿನ ಬೆಳಗ್ಗೆ 9ಕ್ಕೆ ಬಿಡುಗಡೆ, 1.30ಕ್ಕೆ ಅಮಿಪ್ರೊಫಾಸ್, 3.30ಕ್ಕೆ ಮಂಜು ನೀರು. ಮೂರನೇ ದಿನ ಬೆಳಗ್ಗೆ ಆರೂವರೆಗೆ ಫಿಕ್ಸಿಂಗ್ (ಫಾರ್ಮಾಲ್ಡಿಹೈಡ್‌ನಿಂದ ಬೇರನ್ನು ಗಟ್ಟಿಮಾಡುವುದು) ಶುರುಮಾಡಿದರೆ ಮಧ್ಯಾಹ್ನದ ಸಾರ್ಟರ್ ಸ್ಲಾಟ್‌ಗೆ ಬೆಂಗಳೂರು ಮುಟ್ಟಬಹುದು.

ಮಂಜು ನೀರಿಗೆ ಹೋಗುವ ಮುನ್ನ ಐದಾರು ಬೇರು ಕತ್ತರಿಸಿ ಮೆಟಾಫೇಸ್ ಪ್ರಮಾಣ ನೋಡಲೇಬೇಕು. ಅಸಿಟಿಕ್ ಆಲ್ಕೊಹಾಲ್‌ನಲ್ಲಿ ಫಿಕ್ಸ್ ಮಾಡಿ, 5 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 25 ನಿಮಿಷ, ಶಿಫ್ ದ್ರಾವಣದಲ್ಲಿ ಕತ್ತಲಲ್ಲಿ 1 ಗಂಟೆ, 45% ಅಸಿಟಿಕ್ ಆಮ್ಲದ ಹನಿಯಲ್ಲಿ ಹಿಸುಕಿ. ಒಟ್ಟು 1,000 ಕೋಶ ಎಣಿಸಿ. ಮೆಟಾಫೇಸ್ 40 ಪ್ರತಿಶತ ದಾಟಿದ್ದರೆ ಮುಂದುವರಿಯಿರಿ. 30ಕ್ಕಿಂತ ಕಡಿಮೆ ಇದ್ದರೆ ಬೆಂಗಳೂರು ಪ್ರಯಾಣ ರದ್ದುಮಾಡಿ, ಗಂಟೆಗೆ ಕೊಡುವ ಯಂತ್ರದ ಬಾಡಿಗೆ ಉಳಿಯುತ್ತದೆ. ಹೆಚ್ಚಿನವು ಪ್ರೊಫೇಸ್‌ನಲ್ಲಿದ್ದರೆ (ಮೆಟಾಫೇಸ್‌ಗೆ ಮುಂಚಿನ ಹಂತ) ಬಿಡುಗಡೆಯ 4.5 ಗಂಟೆಯನ್ನು ಅರ್ಧ ಗಂಟೆ ಹಿಗ್ಗಿಸಿ. ವರ್ಣತಂತುವಿನ ಎರಡು ಎಳೆಗಳು ಬಿಟ್ಟುಕೊಂಡು ಜೋಡಿ ಗೆರೆಗಳಂತೆ ಕಂಡರೆ ಅಮಿಪ್ರೊಫಾಸ್ ಹೊತ್ತು ಮೀರಿದೆ. ಇದನ್ನು ಹಗುರವಾಗಿ ಬಿಡಬಾರದು: ದೊಡ್ಡ ವರ್ಣತಂತುವಿನ ಒಂಟಿ ಎಳೆ, ಬೆಳಕಿನ ಲೆಕ್ಕದಲ್ಲಿ ಚಿಕ್ಕ ವರ್ಣತಂತುವಿನ ಜಾಗಕ್ಕೆ ಬಂದು ಕೂರುತ್ತದೆ. ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗದು.

ಫಿಕ್ಸಿಂಗ್ ಮತ್ತು ಒಡೆಯುವುದು

ಇಡೀ ಸರಣಿಯಲ್ಲಿ ಅತ್ಯಂತ ಕಿರಿದಾದ ದಾರಿ ಇದು. ಫಿಕ್ಸಿಂಗ್ ಬಫರ್: ಟ್ರಿಸ್ 10, ಡೈಸೋಡಿಯಂ ಇಡಿಟಿಎ 10, ಸೋಡಿಯಂ ಕ್ಲೋರೈಡ್ 100 ಮಿಲಿಮೋಲಾರ್, ಟ್ರೈಟಾನ್ ಎಕ್ಸ್-100 0.1%, ಪಿಎಚ್ 7.5. ಇದಕ್ಕೆ ಫಾರ್ಮಾಲ್ಡಿಹೈಡ್. ಏಕದಳ ಧಾನ್ಯಗಳಿಗೆ ಸಾಮಾನ್ಯವಾಗಿ 2%, ದ್ವಿದಳಕ್ಕೆ 3ರಿಂದ 4%. 37% ಸ್ಟಾಕ್‌ನಿಂದ 100 ಮಿ.ಲೀ.ಗೆ 3% ಬೇಕಾದರೆ 8.1 ಮಿ.ಲೀ. ಹಾಕಿ. 5 ಡಿಗ್ರಿಯಲ್ಲಿ 20ರಿಂದ 30 ನಿಮಿಷ. ಆಮೇಲೆ ಫಾರ್ಮಾಲ್ಡಿಹೈಡ್ ಇಲ್ಲದ ಅದೇ ಬಫರ್‌ನಲ್ಲಿ ತಂಪಾಗಿಯೇ ಮೂರು ಸಲ, ಐದೈದು ನಿಮಿಷ ತೊಳೆಯಿರಿ. ತಳದಲ್ಲಿ ಬಿಳಿ ಕೆಸರು ಕೂತ ಹಳೆಯ ಫಾರ್ಮಲಿನ್ ಬಾಟಲಿಯ ಸಾಂದ್ರತೆ ದೇವರಿಗೇ ಗೊತ್ತು. ಹೊಸದನ್ನು ಒಡೆಯಿರಿ.

ಕಡಿಮೆ ಫಿಕ್ಸ್ ಆದರೆ ವರ್ಣತಂತು ದಾರದಂತೆ ಬಿಚ್ಚಿಕೊಂಡು ಒಡೆಯುತ್ತದೆ. ಹೆಚ್ಚಾದರೆ ಕೋಶ ಒಡೆಯುವುದೇ ಇಲ್ಲ, ಒಡೆದರೂ ಗುಂಪಾಗಿ ಬರುತ್ತದೆ, ಆಮೇಲೆ ಡಿಎನ್‌ಎ ವರ್ಧನೆಯೂ ಕುಂಟುತ್ತದೆ. ಹೊಸ ಬೀಜದ ಲಾಟ್ ಬಂದಾಗಲೆಲ್ಲ 2, 3, 4 ಪ್ರತಿಶತ, 20 ಮತ್ತು 30 ನಿಮಿಷ, ಹೀಗೆ ಆರು ಟ್ಯೂಬ್ ಹಾಕಿ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ.

ಒಡೆಯುವ ಬಫರ್ ಎಲ್‌ಬಿ01. 200 ಮಿ.ಲೀ.ಗೆ ಟ್ರಿಸ್ 363 ಮಿ.ಗ್ರಾಂ, ಡೈಸೋಡಿಯಂ ಇಡಿಟಿಎ 149 ಮಿ.ಗ್ರಾಂ, ಸ್ಪರ್ಮಿನ್ ಟೆಟ್ರಾಹೈಡ್ರೊಕ್ಲೋರೈಡ್ 34.8 ಮಿ.ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.193 ಗ್ರಾಂ, ಸೋಡಿಯಂ ಕ್ಲೋರೈಡ್ 234 ಮಿ.ಗ್ರಾಂ, ಟ್ರೈಟಾನ್ 200 ಮೈಕ್ರೊಲೀಟರ್. ಪಿಎಚ್ 9ಕ್ಕೆ ಹೊಂದಿಸಿ, 0.22 ಮೈಕ್ರಾನ್ ಫಿಲ್ಟರ್ ಮಾಡಿ, ಕೊನೆಗೆ ಮರ್ಕ್ಯಾಪ್ಟೊಎಥನಾಲ್ 220 ಮೈಕ್ರೊಲೀಟರ್. ಇಡಿಟಿಎ ಮೆಗ್ನೀಸಿಯಂ ಹಿಡಿದಿಟ್ಟು ನ್ಯೂಕ್ಲಿಯೇಸ್‌ಗಳ ಕೈಕಟ್ಟುತ್ತದೆ, ಸ್ಪರ್ಮಿನ್ ವರ್ಣತಂತುವನ್ನು ಬಿಗಿಯಾಗಿಡುತ್ತದೆ. ಸ್ಪರ್ಮಿನ್ ದುಬಾರಿ ಎಂದು ಬಿಟ್ಟು ನೋಡುವವರಿದ್ದಾರೆ. ಅವರ ಪೀಕ್‌ಗಳು ಅಗಲವಾಗುತ್ತವೆ, ಅಷ್ಟೇ. 10 ಮಿ.ಲೀ. ಟ್ಯೂಬ್‌ಗಳಲ್ಲಿ ಮೈನಸ್ 20ರಲ್ಲಿಡಿ, ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ತುದಿಯ 1ರಿಂದ 1.5 ಮಿ.ಮೀ. ಮಾತ್ರ ಕತ್ತರಿಸಿ. ಅದಕ್ಕಿಂತ ಮೇಲೆ ವಿಭಜಿಸದ ಕೋಶಗಳು, ಅವು ತರುವುದು ಕಸ ಮತ್ತು ನ್ಯೂಕ್ಲಿಯಸ್. 30 ತುದಿ, 1 ಮಿ.ಲೀ. ಎಲ್‌ಬಿ01, ಸಣ್ಣ ರೋಟರ್-ಸ್ಟೇಟರ್ ಹೋಮೋಜಿನೈಸರ್, 15,000ದಿಂದ 18,000 ಆರ್‌ಪಿಎಂ, 15 ಸೆಕೆಂಡ್. ಅಡುಗೆ ಮಿಕ್ಸಿಯಲ್ಲಿ ಇದು ಆಗದು: 1 ಮಿ.ಲೀ. ದ್ರವ ಬ್ಲೇಡಿಗೆ ತಾಗುವುದೇ ಇಲ್ಲ, ಹೆಚ್ಚು ಹಾಕಿದರೆ ನೊರೆ. ಬ್ಲೇಡಿನಿಂದ ಪೆಟ್ರಿ ತಟ್ಟೆಯಲ್ಲಿ ಕೊಚ್ಚಿದರೆ ಇಳುವರಿ ಕಡಿಮೆಯಾದರೂ ಪೀಕ್ ನೋಡುವಷ್ಟು ಸಿಗುತ್ತದೆ. 50 ಮೈಕ್ರಾನ್, ಆಮೇಲೆ 20 ಮೈಕ್ರಾನ್ ನೈಲಾನ್ ಬಲೆಯಲ್ಲಿ ಸೋಸಿ.

ಹತ್ತು ಮೈಕ್ರೊಲೀಟರ್‌ಗೆ ಡಾಪಿ (ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ) ಬೆರೆಸಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿ. ದುಂಡನೆಯ ನ್ಯೂಕ್ಲಿಯಸ್‌ಗಳೇ ತುಂಬಿದ್ದರೆ ದೋಷ ಹೋಮೋಜಿನೈಸರ್‌ನದಲ್ಲ, ಕೋಶಗಳು ಒಟ್ಟಿಗೆ ಬಂದಿಲ್ಲ. ವರ್ಣತಂತು ಗೊಂಚಲಾಗಿದ್ದರೆ ಫಿಕ್ಸಿಂಗ್ ಹೆಚ್ಚಾಗಿದೆ. ಮಸುಕು ತುಂಡುಗಳಿದ್ದರೆ ಫಿಕ್ಸಿಂಗ್ ಸಾಲದು, ಅಥವಾ 15 ಸೆಕೆಂಡ್ ಹೆಚ್ಚಾಯಿತು.

ಸಾಗಿಸುವುದು, ಯಂತ್ರಕ್ಕೆ ಹಾಕುವುದು

ಸಸ್ಪೆನ್ಷನ್ 4 ಡಿಗ್ರಿಯಲ್ಲಿ ಮರುದಿನದವರೆಗೂ ತಾಳುತ್ತದೆ. ತಾಳದಿರುವುದು ಹೆಪ್ಪುಗಟ್ಟುವುದನ್ನು. ಫ್ರೀಜರ್‌ನಿಂದ ಆಗತಾನೆ ತೆಗೆದ ಜೆಲ್ ಪ್ಯಾಕ್‌ಗೆ ಟ್ಯೂಬ್ ತಾಗಿಸಬೇಡಿ. ಕರಗುತ್ತಿರುವ ಮಂಜು ನೀರಿನಲ್ಲಿ ನಿಲ್ಲಿಸಿ.

ಯಂತ್ರದವರಿಗೆ ಮೊದಲೇ ತಿಳಿಸಬೇಕಾದ ಮೂರು ಮಾತು. ಡಾಪಿಗೆ 355 ಅಥವಾ 375 ನ್ಯಾನೊಮೀಟರ್ ಲೇಸರ್ ಬೇಕು. 405ರಲ್ಲೂ ಬೆಳಗುತ್ತದೆ, ಆದರೆ ಮಂಕು. ಶೀತ್ ದ್ರವ (ಯಂತ್ರದೊಳಗೆ ಮಾದರಿಯನ್ನು ಸುತ್ತುವರಿದು ಹರಿಯುವುದು) ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರು) ಬೇಡ, ಪೊಟ್ಯಾಸಿಯಂ ಕ್ಲೋರೈಡ್ 40, ಸೋಡಿಯಂ ಕ್ಲೋರೈಡ್ 10 ಮಿಲಿಮೋಲಾರ್ ಇರುವ ದ್ರವ ನಾವೇ ತರುತ್ತೇವೆ ಎನ್ನಿ. ಹನಿಯ ಜೊತೆ ಟ್ಯೂಬಿಗೆ ಬೀಳುವ ಉಪ್ಪು, ಫಾಸ್ಫೇಟ್ ಆಮೇಲೆ ಪಿಸಿಆರ್ ಕೆಡಿಸುತ್ತವೆ. ಹಿಂದಿನವರು ರಕ್ತಕಣ ಓಡಿಸಿದ್ದರೆ ಶೀತ್ ಬದಲಿಸಿ ಅರ್ಧ ಗಂಟೆಯಾದರೂ ಹರಿಯಬಿಡಬೇಕು, ಆ ಅರ್ಧ ಗಂಟೆಯನ್ನೂ ಬುಕ್ ಮಾಡಿ.

70 ಮೈಕ್ರಾನ್ ನಾಜಲ್, 450/50 ಫಿಲ್ಟರ್. ಡಾಪಿ ಅಂತಿಮ ಸಾಂದ್ರತೆ ಮಿ.ಲೀ.ಗೆ 2 ಮೈಕ್ರೊಗ್ರಾಂ. ಹಾಕುವ ಮುನ್ನ ಮತ್ತೊಮ್ಮೆ 20 ಮೈಕ್ರಾನ್ ಬಲೆ, ನಾಜಲ್ ಕಟ್ಟಿಕೊಂಡರೆ ಆ ದಿನ ಮುಗಿಯಿತು. ಟ್ರಿಗರ್ (ಕಣ ಬಂತೆಂದು ಯಂತ್ರ ಗುರುತಿಸುವ ಸಂಕೇತ) ಡಾಪಿಯ ಮೇಲಿರಲಿ, ಫಾರ್ವರ್ಡ್ ಸ್ಕ್ಯಾಟರ್ (ಕಣ ಚದುರಿಸುವ ಬೆಳಕು) ಮೇಲಲ್ಲ. ಹರಿವು ಸೆಕೆಂಡಿಗೆ 1,000 ಘಟನೆಗಳ ಆಸುಪಾಸು. ವೇಗ ಏರಿಸಿದರೆ ಒಳಗಿನ ಹರಿವು ದಪ್ಪವಾಗಿ ಪೀಕ್‌ಗಳು ಕಲಸಿಹೋಗುತ್ತವೆ.

ಮೊದಲ ಸಲ ಕೂತವರಿಗೆ ವರ್ಣತಂತು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಲೆಕ್ಕ ಹೀಗೆ: ಕಡಲೆಯ ಸರಾಸರಿ ವರ್ಣತಂತು 740/8, ಅಂದರೆ 92.5 ಮೆಗಾಬೇಸ್. ಮೆಟಾಫೇಸ್‌ನಲ್ಲಿ ಎರಡು ಎಳೆ ಇರುವುದರಿಂದ 185. ಜಿ1 ನ್ಯೂಕ್ಲಿಯಸ್‌ನಲ್ಲಿ (ಡಿಎನ್‌ಎ ನಕಲಾಗುವ ಮುಂಚಿನದು, ಜೀನೋಮ್‌ನ ಎರಡು ಪ್ರತಿ) 1,480. ಹಾಗಾಗಿ ಲಾಗ್ ಸ್ಕೇಲ್‌ನಲ್ಲಿ ಎದ್ದು ಕಾಣುವ ಜಿ1 ಪೀಕ್‌ನ ಎಂಟನೇ ಒಂದು ಭಾಗದ ಸುತ್ತ ಹುಡುಕಿ. ಸಿಕ್ಕ ಮೇಲೆ ಲೀನಿಯರ್ ಸ್ಕೇಲ್‌ಗೆ ಬದಲಿಸಿ, ಆ ಭಾಗ ತೆರೆ ತುಂಬುವಂತೆ ವೋಲ್ಟೇಜ್ ಏರಿಸಿ. ನ್ಯೂಕ್ಲಿಯಸ್‌ಗಳು ತೆರೆಯಾಚೆ ಹೋದರೆ ಚಿಂತೆಯಿಲ್ಲ. ಡಾಪಿಗೆ ಎಟಿ ಜೋಡಿಗಳ ಮೇಲೆ ಒಲವು, ಆದ್ದರಿಂದ ಪೀಕ್‌ಗಳ ಅಂತರ ಮೆಗಾಬೇಸ್ ಪಟ್ಟಿಗೆ ಗೆರೆ ಕೊರೆದಂತೆ ಹೊಂದುವುದಿಲ್ಲ. ಎಡಕ್ಕೆ ಇಳಿಜಾರಾಗಿ ಬೀಳುವ ರಾಶಿ ಕಸ. ಪಲ್ಸ್ ಏರಿಯಾ (ಒಟ್ಟು ಬೆಳಕು) ಎದುರು ಪಲ್ಸ್ ವಿಡ್ತ್ (ಬೆಳಕು ಉಳಿದ ಹೊತ್ತು) ಹಾಕಿ ಅಂಟಿದ ಜೋಡಿಗಳನ್ನು ಹೊರಗಿಡಿ: ಅಂಟಿದ ಎರಡು ಚಿಕ್ಕವು ಒಂದು ದೊಡ್ಡದರಂತೆ ನಟಿಸುತ್ತವೆ.

ಒಂದರ ಮೇಲೊಂದು ಕೂತ ಪೀಕ್‌ಗಳನ್ನು ಬಿಡಿಸಲು 2013ರಿಂದ ಒಂದು ಉಪಾಯವಿದೆ, ಫಿಶಿಸ್: ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 13ರ ಹತ್ತಿರಕ್ಕೆ ಏರಿಸಿ ಡಿಎನ್‌ಎ ಬಿಚ್ಚಿ, ಟ್ರಿಸ್‌ನಿಂದ ತಟಸ್ಥಗೊಳಿಸಿ, ಹಸಿರು ಬಣ್ಣ ಕಟ್ಟಿದ ಜಿಎಎ ಪುನರಾವರ್ತನೆಯ ಪ್ರೋಬ್ (ತನಗೆ ಹೊಂದುವ ಜಾಗಕ್ಕೆ ಅಂಟುವ ಡಿಎನ್‌ಎ ತುಂಡು) ಅನ್ನು ಸಸ್ಪೆನ್ಷನ್‌ನಲ್ಲೇ ಕೂರಿಸುವುದು. ಆಗ ಎರಡು ಅಕ್ಷಗಳ ನಕ್ಷೆ ಸಿಗುತ್ತದೆ. ಗೋಧಿ, ಬಾರ್ಲಿಗೆ ಇದು ಚೆನ್ನ. ಕಡಲೆಗೆ ಯಾವ ಪ್ರೋಬ್ ಹೊಳೆಯುತ್ತದೆ ಎಂಬುದನ್ನು ಮೊದಲು ಸ್ಲೈಡ್ ಮೇಲೆ ನೋಡಿಕೊಂಡೇ ದ್ರವಕ್ಕೆ ಇಳಿಯಿರಿ.

ಎಷ್ಟು ಬೇಕು

1 ಪಿಕೊಗ್ರಾಂ ಅಂದರೆ 978 ಮೆಗಾಬೇಸ್. 185 ಮೆಗಾಬೇಸ್‌ನ ವರ್ಣತಂತುವಿನಲ್ಲಿ 0.19 ಪಿಕೊಗ್ರಾಂ. 10 ನ್ಯಾನೊಗ್ರಾಂ ಡಿಎನ್‌ಎಗೆ ಸುಮಾರು 53,000 ವರ್ಣತಂತು ಬೇಕು. ಒಂದು ಬಗೆ ಒಟ್ಟಿನಲ್ಲಿ ಎಂಟನೇ ಒಂದು ಪಾಲು, ಕಸ ಮತ್ತು ಕಠಿಣ ಗೇಟ್ (ಬೇಕಾದ ಪೀಕ್ ಸುತ್ತ ತೆರೆಯ ಮೇಲೆ ಎಳೆದ ಗಡಿ) ಕಳೆದರೆ ಸೆಕೆಂಡಿಗೆ 30 ಸಿಕ್ಕರೆ ಸಮಾಧಾನ. ಅಂದರೆ ಅರ್ಧ ಗಂಟೆ. ಪಿಸಿಆರ್‌ಗಷ್ಟೇ ಆದರೆ 500 ಸಾಕು, 20 ಮೈಕ್ರೊಲೀಟರ್ ನೀರಿಗೆ ನೇರವಾಗಿ ಬೀಳಿಸಿ.

ಸಾರ್ಟ್ ಮೋಡ್ ಶುದ್ಧತೆಯದಿರಲಿ, ಒಂದೇ ಹನಿ. ದೊಡ್ಡ ಸಂಗ್ರಹಕ್ಕೆ ಮುಂಚೆ ಒಂದೆರಡು ಸಾವಿರವನ್ನು ಸ್ಲೈಡ್ ಮೇಲೆ ಬೀಳಿಸಿ ಒಣಗಿಸಿ, ಫಿಶ್ (ಹೊಳೆಯುವ ಪ್ರೋಬ್ ಅಂಟಿಸಿ ವರ್ಣತಂತು ಗುರುತಿಸುವುದು) ಮಾಡಿ ಎಣಿಸಲು ಇಟ್ಟುಕೊಳ್ಳಿ. ಅದೇ ದಿನ ಉತ್ತರ ಬೇಕಾದರೆ ಲಿಂಕೇಜ್ ಗುಂಪುಗಳಿಗೆ (ಒಂದೊಂದು ವರ್ಣತಂತುವಿಗೆ ಒಂದೊಂದು) ಗುರುತಿಸಿದ ಎಸ್‌ಎಸ್‌ಆರ್ ಮಾರ್ಕರ್‌ಗಳ (ಡಿಎನ್‌ಎಯ ಚಿಕ್ಕ ಪುನರಾವರ್ತನೆಯ ಗುರುತುಗಳು) ಪಿಸಿಆರ್: ಬೇಕಾದ ಗುಂಪಿನದು ಬರಬೇಕು, ಉಳಿದ ಏಳು ಬರಬಾರದು. ಪಕ್ಕದ ಪೀಕ್‌ನ ಮಾರ್ಕರ್ ಮಸುಕಾಗಿ ಬಂದರೆ ಗೇಟ್ ಕಿರಿದಾಗಿಸಿ. ಎಲ್ಲ ಎಂಟೂ ಬಂದರೆ ಗೇಟ್‌ನ ತಪ್ಪಲ್ಲ, ಡ್ರಾಪ್ ಡಿಲೇ (ಕಣ ಕಂಡ ಕ್ಷಣದಿಂದ ಅದರ ಹನಿ ಬೇರ್ಪಡುವವರೆಗಿನ ಹೊತ್ತು) ಸರಿದಿದೆ ಅಥವಾ ಒಡೆದ ನ್ಯೂಕ್ಲಿಯಸ್‌ನ ತುಂಡುಗಳು ಬೆರೆತಿವೆ.

ವರ್ಧನೆಗೆ ಮೊದಲು ಪ್ರೊಟಿನೇಸ್ ಕೆಯಿಂದ ಪ್ರೋಟೀನ್ ತೆಗೆಯಿರಿ, ಫಾರ್ಮಾಲ್ಡಿಹೈಡ್ ಹೆಣೆದ ಗಂಟುಗಳು ಉಳಿದರೆ ಫೈ29 ಪಾಲಿಮರೇಸ್ (ಡಿಎನ್‌ಎ ನಕಲು ಮಾಡುವ ಎಂಜೈಮ್) ಮುಗ್ಗರಿಸುತ್ತದೆ. 10 ನ್ಯಾನೊಗ್ರಾಂನಿಂದ ಕೆಲವು ಮೈಕ್ರೊಗ್ರಾಂ ಸಿಗುತ್ತದೆ. ವರ್ಧನೆ ಕೆಲವು ಜಾಗಗಳನ್ನು ಹೆಚ್ಚು, ಕೆಲವನ್ನು ಕಡಿಮೆ ನಕಲು ಮಾಡುತ್ತದೆ, ಪ್ರತಿ ಟ್ಯೂಬಿನಲ್ಲೂ ಬೇರೆ ಬೇರೆ ರೀತಿ. ಆದ್ದರಿಂದ ಬೇರೆ ಬೇರೆಯಾಗಿ ಸಾರ್ಟ್ ಮಾಡಿದ ಮೂರು ಟ್ಯೂಬ್‌ಗಳಿಂದ ಮೂರು ರಿಯಾಕ್ಷನ್ ಹಾಕಿ, ವರ್ಣತಂತು ಇಲ್ಲದ ಬರೀ ಶೀತ್ ದ್ರವದ ಒಂದು ಟ್ಯೂಬನ್ನೂ ಜೊತೆಗೆ ಓಡಿಸಿ. ಅದರಲ್ಲೂ ಸಿಕ್ಕ ಡಿಎನ್‌ಎಯಲ್ಲಿ ಕಡಲೆಯ ಮಾರ್ಕರ್ ಬಂದರೆ ಮೂರನ್ನೂ ಬಿಡಿ. ಬರದಿದ್ದರೆ ಮೂರನ್ನೂ ಸಮಪಾಲಾಗಿ ಕೂಡಿಸಿ ಸೀಕ್ವೆನ್ಸಿಂಗ್‌ಗೆ ಕಳಿಸಿ.